ಬೆಂಗಳೂರು–ಮಂಗಳೂರು: ದೂರ ಮತ್ತು ಪ್ರಯಾಣದ ಅವಧಿ

ಕರ್ನಾಟಕದ ರಾಜಧಾನಿ ಬೆಂಗಳೂರಿಗೂ ಅರಬ್ಬಿ ಸಮುದ್ರದ ದಡದ ಬಂದರು ನಗರ ಮಂಗಳೂರಿಗೂ ನಡುವಿನ ನೇರ ಅಂತರ ಸುಮಾರು 300 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇದು ಸುಮಾರು 350 ಕಿ.ಮೀ. ಆಗುತ್ತದೆ. ಹಾಸನದ ಮೂಲಕ ಹೋಗುವ ರೈಲಿಗೆ ಅದಕ್ಕಿಂತ ತುಸು ಹೆಚ್ಚು, ಮೈಸೂರು ಸುತ್ತಿಕೊಂಡು ಬರುವ ರೈಲಿಗೆ 450ರ ಆಸುಪಾಸು. ವಿಮಾನ ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಸ್ವಂತ ಕಾರಿಗೆ ಆರೂವರೆಯಿಂದ ಏಳೂವರೆ ಗಂಟೆ, ಬಸ್ಸಿಗೆ ಏಳೆಂಟು ಗಂಟೆ, ರೈಲಿಗೆ ಒಂಬತ್ತರಿಂದ ಹನ್ನೊಂದು ಗಂಟೆ ಬೇಕು. ಇವೆಲ್ಲ ಒಣ ಹವೆಯ ಲೆಕ್ಕ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ಅಂಕಿಗಳನ್ನು ನಿರ್ಧರಿಸುವುದು ಪಶ್ಚಿಮ ಘಟ್ಟದ ಮಳೆ. ಒಟ್ಟು ದಾರಿಯ ಹತ್ತನೇ ಒಂದು ಭಾಗವೂ ಇಲ್ಲದ ಶಿರಾಡಿ ಘಾಟಿಯೇ ಇಡೀ ಪ್ರಯಾಣದ ಅವಧಿಯನ್ನು ಹಿಡಿದಿಟ್ಟುಕೊಂಡಿದೆ. ಇವೆರಡು ನಗರಗಳ ಅಂತರವನ್ನು ಕಿಲೋಮೀಟರಿನಲ್ಲಿ ಮಾತ್ರ ಹೇಳಿ ಮುಗಿಸಿದರೆ ವಿಷಯದ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ.

ಎರಡೂ ನಗರಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 13 ಡಿಗ್ರಿ ಉತ್ತರಕ್ಕೆ ತಾಗಿದಂತೆ ಇವೆ. ರೇಖಾಂಶದಲ್ಲಿ ಎರಡೂ ಮುಕ್ಕಾಲು ಡಿಗ್ರಿಯಷ್ಟು ವ್ಯತ್ಯಾಸವಿರುವುದರಿಂದ ಬೆಂಗಳೂರಿನಲ್ಲಿ ಸೂರ್ಯ ಮುಳುಗಿ ಹನ್ನೊಂದು ನಿಮಿಷದ ಬಳಿಕ ಮಂಗಳೂರಿನಲ್ಲಿ ಮುಳುಗುತ್ತಾನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟವರು ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಬಂದರೂ, ಇನ್ನೂ 40 ಕಿ.ಮೀ. ಮುಂದಿನ ಸಕಲೇಶಪುರಕ್ಕೆ ಬಂದರೂ ಎತ್ತರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರುವುದಿಲ್ಲ. ಇನ್ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಪ್ರಸ್ಥಭೂಮಿಯ ಮೇಲೆಯೇ ಸಾಗಿದ ದಾರಿ ಅನಂತರ ಒಮ್ಮೆಗೇ ಕೆಳಗಿಳಿಯುತ್ತದೆ. ಸಕಲೇಶಪುರದಲ್ಲಿ ದಾಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ರಸ್ತೆಯ ಪಕ್ಕದಲ್ಲೇ ಇಳಿಯುವ ಕೆಂಪುಹೊಳೆ ಕುಮಾರಧಾರೆಯ ಪಾಲಾಗುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಬಸ್ಸಿನ ಕಿಟಕಿಯಿಂದ ಕಾಣುವ ಈ ಎರಡು ನೀರುಗಳ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ.

ಹೆದ್ದಾರಿ

ಬೆಂಗಳೂರಿನಿಂದ ಹಾಸನದವರೆಗಿನ ಸುಮಾರು 185 ಕಿ.ಮೀ. ಚತುಷ್ಪಥ. ಯಶವಂತಪುರ, ಪೀಣ್ಯ, ನೆಲಮಂಗಲದ ದಟ್ಟಣೆಯನ್ನು ದಾಟಿದರೆ ಮೂರು ಗಂಟೆಯಲ್ಲಿ ಹಾಸನ ಸಿಗುತ್ತದೆ. ದಾಟುವುದೇ ದೊಡ್ಡ ಕೆಲಸ. ಶುಕ್ರವಾರ ಸಂಜೆ ನಗರದ ದಕ್ಷಿಣ ಅಂಚಿನಿಂದ ಹೊರಟವರಿಗೆ ನೆಲಮಂಗಲ ಮುಟ್ಟಲು ಎರಡು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಹಾಸನದಿಂದ ಮುಂದೆ ಆಲೂರು, ಸಕಲೇಶಪುರದ ಕಡೆ ರಸ್ತೆ ಕಾಫಿ ತೋಟಗಳ ನಡುವೆ ಸಾಗುತ್ತದೆ. ಸಕಲೇಶಪುರ ದಾಟಿದೊಡನೆ ರಸ್ತೆಯ ಪಕ್ಕದ ಗುಡ್ಡದ ಮೇಲಿರುವುದು ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಈ ಕೋಟೆ ಇಲ್ಲಿರುವುದಕ್ಕೆ ಕಾರಣ ಇದೇ ದಾರಿ. ಕರಾವಳಿಯಿಂದ ಮೇಲೆ ಬರುವ ಸೈನ್ಯವನ್ನೂ ಸರಕನ್ನೂ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ.

ಕೋಟೆಯ ಬುಡದ ದೋಣಿಗಾಲ್ ದಾಟಿ ಹೆಗ್ಗದ್ದೆ, ಮಾರನಹಳ್ಳಿ, ಕೆಂಪುಹೊಳೆ, ಅಡ್ಡಹೊಳೆ, ಗುಂಡ್ಯ ಎಂದು ಇಳಿಯುವ ಸುಮಾರು 26 ಕಿ.ಮೀ. ಭಾಗವೇ ಶಿರಾಡಿ ಘಾಟಿ. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಹೊಳೆಯ ಪಾತಾಳ. ಒಂದು ಕಾಲದಲ್ಲಿ ಇಲ್ಲಿನ ಡಾಂಬರು ಪ್ರತಿ ಮಳೆಗಾಲಕ್ಕೂ ಕಿತ್ತುಹೋಗಿ, ಮೊಣಕಾಲುದ್ದದ ಗುಂಡಿಗಳಲ್ಲಿ ಲಾರಿಗಳು ಹೂತು, ರಾತ್ರಿ ಬಸ್ಸುಗಳು ಬೆಳಗಾಗುವವರೆಗೂ ನಿಂತಲ್ಲೇ ನಿಲ್ಲುತ್ತಿದ್ದವು. ಕೊನೆಗೆ ಕಾಂಕ್ರೀಟ್ ಹಾಕುವ ನಿರ್ಧಾರವಾಯಿತು. 2015ರ ಜನವರಿಯಲ್ಲಿ ರಸ್ತೆಯನ್ನು ಪೂರ್ತಿ ಮುಚ್ಚಿ ಮೇಲಿನ ಅರ್ಧಕ್ಕೆ, 2018ರ ಜನವರಿಯಲ್ಲಿ ಮತ್ತೆ ಮುಚ್ಚಿ ಕೆಳಗಿನ ಅರ್ಧಕ್ಕೆ ಕಾಂಕ್ರೀಟ್ ಬಿತ್ತು. ಎರಡೂ ಸಲ ಆರೇಳು ತಿಂಗಳು ಕರಾವಳಿಯ ಜನ ಸುತ್ತುಬಳಸಿ ಓಡಾಡಿದರು. ಆ ಕೆಲಸ ಆದ ಮೇಲೆ ಘಾಟಿ ಇಳಿಯುವುದು ಒಣ ದಿನಗಳಲ್ಲಿ ಮುಕ್ಕಾಲು ಗಂಟೆಯ ಮಾತಾಗಿದೆ. ಕರ್ನಾಟಕದ ಹೆದ್ದಾರಿಗಳಲ್ಲಿ ಇಷ್ಟು ಚಿಕ್ಕ ಕಾಮಗಾರಿ ಇಷ್ಟು ಜನರ ಸಮಯ ಉಳಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಗುಂಡ್ಯದಲ್ಲಿ ಕುಕ್ಕೆ ಸುಬ್ರಹ್ಮಣ್ಯದ ದಾರಿ ಎಡಕ್ಕೆ ತಿರುಗುತ್ತದೆ. ಮುಂದೆ ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ, ಪಾಣೆಮಂಗಳೂರು, ಬಿ.ಸಿ. ರೋಡ್ ಮೂಲಕ ಮಂಗಳೂರು. ಅಡ್ಡಹೊಳೆಯಿಂದ ಬಿ.ಸಿ. ರೋಡ್‌ವರೆಗಿನ ಚತುಷ್ಪಥ ಕಾಮಗಾರಿ 2017ರ ಸುಮಾರಿಗೆ ಆರಂಭವಾಗಿ, ನಡುವೆ ನಿಂತು, ಮತ್ತೆ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಘಾಟಿಯಲ್ಲಿ ಉಳಿದ ಸಮಯ ಈ ಬಯಲಿನ ಕೆಸರಿನಲ್ಲಿ ಕಳೆದುಹೋಗುತ್ತಿದ್ದುದನ್ನು ಉಪ್ಪಿನಂಗಡಿ, ಕಲ್ಲಡ್ಕದ ಜನ ಯಾರನ್ನು ಕೇಳಿದರೂ ಹೇಳುತ್ತಾರೆ.

ಈ ದಾರಿಯ ನಿಜವಾದ ವಾಹನ ರಾತ್ರಿ ಬಸ್ಸು. ಒಂಬತ್ತರಿಂದ ಹನ್ನೊಂದು ಗಂಟೆಯೊಳಗೆ ಎರಡೂ ಕಡೆಗಳಿಂದ ಕೆಎಸ್‌ಆರ್‌ಟಿಸಿಯ ಐರಾವತ, ಅಂಬಾರಿ, ರಾಜಹಂಸಗಳೂ ಖಾಸಗಿ ಸ್ಲೀಪರ್‌ಗಳೂ ಸಾಲಾಗಿ ಹೊರಡುತ್ತವೆ. ಮಧ್ಯರಾತ್ರಿ ಕಳೆದ ಮೇಲೆ ಘಾಟಿಯಲ್ಲಿ ಒಂದನ್ನೊಂದು ಎದುರಾಗಿ, ಬೆಳಗಿನ ಆರೇಳಕ್ಕೆ ಊರು ಸೇರುತ್ತವೆ. ಹೋಟೆಲು, ಬ್ಯಾಂಕು, ಸಾಫ್ಟ್‌ವೇರ್, ಓದು ಎಂದು ಕರಾವಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಸಂಸಾರಗಳು ಲೆಕ್ಕವಿಲ್ಲದಷ್ಟು. ದೀಪಾವಳಿ, ಚೌತಿ, ಊರಿನ ಜಾತ್ರೆ, ಕೋಲ, ಮದುವೆಯ ಸೀಸನ್‌ಗಳಲ್ಲಿ ಬಸ್ಸಿನ ದರ ಎರಡು ಮೂರು ಪಟ್ಟು ಏರುವುದು ಇದೇ ಕಾರಣಕ್ಕೆ. ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವವರ ಲೆಕ್ಕದಲ್ಲಿ ಈ ಏಳೆಂಟು ಗಂಟೆ ಹಗಲನ್ನು ತಿನ್ನುವುದಿಲ್ಲ. ವಿಮಾನವಿದ್ದೂ ರೈಲಿದ್ದೂ ಬಸ್ಸು ಇಷ್ಟು ಗಟ್ಟಿಯಾಗಿ ನಿಂತಿರುವುದರ ಗುಟ್ಟು ಅಲ್ಲಿದೆ.

ರಸ್ತೆ ಪೂರ್ತಿ ಬಿಟ್ಟುಕೊಟ್ಟರೆ ಎಷ್ಟು ಹೊತ್ತು ಸಾಕು ಎಂಬುದು 2020ರ ಫೆಬ್ರುವರಿಯಲ್ಲಿ ಗೊತ್ತಾಯಿತು. ಹೃದಯದ ತೊಂದರೆಯಿದ್ದ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಸಾಗಿಸುವಾಗ ಪೊಲೀಸರೂ ಸ್ವಯಂಸೇವಕರೂ ಉದ್ದಕ್ಕೂ ನಿಂತು ವಾಹನಗಳನ್ನು ಬದಿಗೆ ಸರಿಸಿದರು. ಉಪ್ಪಿನಂಗಡಿ, ನೆಲ್ಯಾಡಿ, ಸಕಲೇಶಪುರ, ಹಾಸನದ ಪೇಟೆಗಳಲ್ಲಿ ಜನ ರಸ್ತೆಯ ಅಂಚಿಗೆ ಬಂದು ದಾರಿ ಕಾದರು. ಆಂಬುಲೆನ್ಸು ನಾಲ್ಕೂವರೆ ಗಂಟೆಯೊಳಗೆ ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿತ್ತು. ಜನ ಸೇರಿ ಒಂದು ಮಗುವಿಗಾಗಿ ಮಾಡಿದ ಈ ಕೆಲಸ ದೊಡ್ಡದು. ಅದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತೆಂದರೆ, ಮಾಮೂಲಿ ದಿನಗಳ ಏಳು ಗಂಟೆಯಲ್ಲಿ ಎರಡೂವರೆ ಗಂಟೆಯಷ್ಟು ದಟ್ಟಣೆಯ ಪಾಲು ಎಂಬುದನ್ನೂ ಅದು ತೋರಿಸಿಕೊಟ್ಟಿತು.

ಹಿಂದಿನ ದೂರ

ಇವೆರಡೂ ಒಂದೇ ರಾಜ್ಯದ ನಗರಗಳಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಮಂಗಳೂರಿನವರಿಗೆ ಕಚೇರಿ, ಹೈಕೋರ್ಟು, ಕಾಲೇಜು ಎಲ್ಲದಕ್ಕೂ ಮದ್ರಾಸೇ ದಿಕ್ಕು. ರೈಲು ಕೂಡ ಆ ದಿಕ್ಕನ್ನೇ ಹಿಡಿಯಿತು. ಮಲಬಾರಿನ ಕರಾವಳಿ ಹಿಡಿದು ಬಂದ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಆಗ ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು, ಶೊರನೂರು, ಪಾಲಕ್ಕಾಡು, ಈರೋಡು, ಸೇಲಂ, ಜೋಲಾರಪೇಟೆ ಎಂದು ಮೂರು ದಿಕ್ಕು ಸುತ್ತಿ ಎಂಟು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಬೇಕಿತ್ತು. ಮುನ್ನೂರು ಕಿಲೋಮೀಟರಿನ ಊರಿಗೆ ಎಂಟು ನೂರು. ಅಡ್ಡವಾಗಿದ್ದದ್ದು ಘಟ್ಟ ಮಾತ್ರವಲ್ಲ, ಸಂಸ್ಥಾನ ಮತ್ತು ಪ್ರೆಸಿಡೆನ್ಸಿಗಳ ಗಡಿಯೂ ಹೌದು. ಘಟ್ಟ ಕೊರೆದು ಹಳಿ ಹಾಕುವ ಖರ್ಚನ್ನು ಹೊರುವ ತುರ್ತು ಆಗ ಯಾವ ಸರ್ಕಾರಕ್ಕೂ ಇರಲಿಲ್ಲ.

ಹಾಗೆಂದು ಘಟ್ಟದ ದಾರಿ ಖಾಲಿ ಇರಲಿಲ್ಲ. ಮಂಜರಾಬಾದ್, ಚಿಕ್ಕಮಗಳೂರು ಸೀಮೆಯ ಕಾಫಿ ಎತ್ತಿನ ಗಾಡಿಗಳಲ್ಲಿ ಮಂಗಳೂರಿನ ಸಂಸ್ಕರಣ ಕೇಂದ್ರಗಳಿಗೆ ಇಳಿಯುತ್ತಿತ್ತು. ಉಪ್ಪು, ಒಣಮೀನು, ತೆಂಗು, ಮಂಗಳೂರು ಹಂಚು ಮೇಲೆ ಹತ್ತುತ್ತಿದ್ದವು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಆರಂಭವಾದ ಮೇಲೆ ಜಿಲ್ಲೆಯೊಳಗೆ ಬಸ್ಸುಗಳು ಓಡತೊಡಗಿದವು. ಸಿ.ಪಿ.ಸಿ. ಎಂದೇ ಹೆಸರಾಗಿದ್ದ ಆ ಬಸ್ಸುಗಳಿಂದ ಬೆಳೆದ ಖಾಸಗಿ ಬಸ್ಸಿನ ಪರಂಪರೆ ಕರಾವಳಿಯಲ್ಲಿ ಈಗಲೂ ಗಟ್ಟಿಯಾಗಿದೆ.

ರೈಲು

ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಮದ್ರಾಸಿನ ಕಡೆಯಿಂದ ರೈಲು ಬಂದು 72 ವರ್ಷ ಕಳೆದ ಮೇಲೆ ಮಂಗಳೂರಿಗೆ ತನ್ನದೇ ರಾಜ್ಯದ ರಾಜಧಾನಿಯ ಕಡೆಗೆ ಹಳಿ ಸಿಕ್ಕಿತು. ಪ್ರಯಾಣಿಕರಿಗಿಂತಲೂ ಸರಕು ಇದರ ಮುಖ್ಯ ಉದ್ದೇಶವಾಗಿತ್ತು. ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ಹಡಗುಗಳಿಗೆ ತೆರೆದುಕೊಂಡಿತ್ತು. ಅದಕ್ಕೆ ಒಳನಾಡಿನ ಅದಿರು, ಗೊಬ್ಬರ, ಧಾನ್ಯದ ದಾರಿ ಬೇಕಿತ್ತು.

ಮಾರ್ಗದ ಒಟ್ಟು ಉದ್ದ 189 ಕಿ.ಮೀ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿ. ಇಷ್ಟರಲ್ಲಿ 57 ಸುರಂಗ, 200ಕ್ಕೂ ಹೆಚ್ಚು ಸೇತುವೆ, ನೂರರಷ್ಟು ಕಡಿದಾದ ತಿರುವು. ಹಳಿ ಸುಮಾರು 800 ಮೀಟರ್ ಇಳಿಯುತ್ತದೆ. ಇಳಿಜಾರು 50ಕ್ಕೆ 1, ಎಂದರೆ ಐವತ್ತು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಕೆಳಗೆ. ರಸ್ತೆಯಲ್ಲಿ ಇದು ಗಮನಕ್ಕೂ ಬಾರದ ಇಳಿಜಾರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ, ಹಿಂದೆ ಸಾವಿರ ಟನ್ನು ತಳ್ಳುತ್ತಿರುವಾಗ, ಇದು ಪ್ರಾಣದ ಪ್ರಶ್ನೆ. ಹಾಗಾಗಿ ಇಲ್ಲಿ ರೈಲಿನ ವೇಗ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ.

ಸಕಲೇಶಪುರದಲ್ಲಿ ರೈಲು ಕೆಲಹೊತ್ತು ನಿಂತಾಗ ಹೆಚ್ಚುವರಿ ಎಂಜಿನ್ ಜೋಡಿಸಿ, ಬ್ರೇಕುಗಳನ್ನು ತಪಾಸಣೆ ಮಾಡುತ್ತಾರೆ. ಈ ಹೆಚ್ಚುವರಿ ಎಂಜಿನ್ನಿಗೆ ರೈಲ್ವೆಯವರು ಬ್ಯಾಂಕರ್ ಎನ್ನುತ್ತಾರೆ. ಇಳಿಯುವಾಗ ಅದು ಹಿಡಿದುಕೊಳ್ಳಲು, ಹತ್ತುವಾಗ ತಳ್ಳಲು. ಮುಂದೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ನಡುವಿನ ನಿಲ್ದಾಣಗಳಲ್ಲಿ ಹತ್ತುವವರೂ ಇಳಿಯುವವರೂ ಇಲ್ಲದಿದ್ದರೂ ರೈಲು ನಿಲ್ಲುತ್ತದೆ. ಅಲ್ಲಿ ಕ್ಯಾಚ್ ಸೈಡಿಂಗ್ ಎಂಬ ಅಡ್ಡಹಳಿಗಳಿವೆ. ಬ್ರೇಕು ಕೈಕೊಟ್ಟು ನುಗ್ಗಿ ಬಂದ ಗಾಡಿಯನ್ನು ಏರಿನ ಕಡೆಗೆ ತಿರುಗಿಸಿ ನಿಲ್ಲಿಸಲು ಮಾಡಿದ ವ್ಯವಸ್ಥೆ ಅದು. ರೈಲು ಹತೋಟಿಯಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಮುಖ್ಯ ಹಳಿಗೆ ದಾರಿ ಕೊಡುತ್ತಾರೆ. ಎಡಕುಮೇರಿಗೆ ಬಸ್ಸು, ಕಾರು ಹೋಗುವ ರಸ್ತೆಯೇ ಇಲ್ಲ. ಅಲ್ಲಿನ ಸಿಬ್ಬಂದಿಗೆ ಅಕ್ಕಿ ಬೇಳೆಯೂ ರೈಲಿನಲ್ಲೇ ಬರಬೇಕು. ಈ 55 ಕಿ.ಮೀ.ಗೆ ಎರಡರಿಂದ ಎರಡೂವರೆ ಗಂಟೆ ಹಿಡಿಯುವುದು ಈ ಎಲ್ಲ ಎಚ್ಚರಿಕೆಗಳ ಒಟ್ಟು ಬೆಲೆ. ರೈಲು ನಿಧಾನ ಎಂದು ದೂರುವವರು ಈ ಭಾಗವನ್ನು ಹಗಲಿನಲ್ಲಿ ಒಮ್ಮೆ ನೋಡಬೇಕು. 2021ರ ಜುಲೈಯಿಂದ ಹಗಲಿನ ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ ಮೇಲೆ ನೋಡುವುದಕ್ಕಾಗಿಯೇ ಬರುವವರೂ ಇದ್ದಾರೆ.

ಈ ಮಾರ್ಗದ ಕಥೆಯಲ್ಲಿ ನೋವಿನ ಒಂದು ದಶಕವಿದೆ. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಘಾಟಿ ವಿಭಾಗ ಮುಚ್ಚಿತು. ಬ್ರಾಡ್‌ಗೇಜ್ ಆಗಿ ಸರಕು ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ರಾಜಧಾನಿಗೂ ಬಂದರಿಗೂ ನೇರ ಪ್ರಯಾಣಿಕ ರೈಲು ಇರಲಿಲ್ಲ. ಅದೇ ಅವಧಿಯಲ್ಲಿ, 1998ರಲ್ಲಿ, ಕೊಂಕಣ ರೈಲು ಪೂರ್ಣಗೊಂಡು ಮಂಗಳೂರಿನಿಂದ ಮುಂಬೈ ಹತ್ತಿರವಾಯಿತು, ಬೆಂಗಳೂರು ದೂರವೇ ಉಳಿಯಿತು. ಖಾಲಿ ಬಿದ್ದ ಹಳಿಗಳ ಮೇಲೆ ಚಾರಣಿಗರು ದೋಣಿಗಾಲಿನಿಂದ ಎಡಕುಮೇರಿಗೆ ನಡೆದು ಸುರಂಗಗಳನ್ನು ಎಣಿಸುತ್ತಿದ್ದರು. ಈಗ ಹಾಗೆ ನಡೆಯುವುದು ಅಪರಾಧ, ಅಪಾಯವೂ ಹೌದು.

ಪುನಃ ಆರಂಭವಾದ ರೈಲುಗಳು ಬೆಂಗಳೂರಿನಿಂದ ಮೈಸೂರಿಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಬಂದು ಘಟ್ಟ ಇಳಿಯುತ್ತಿದ್ದವು. 2017ರ ಮಾರ್ಚಿನಲ್ಲಿ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಮಾರ್ಗ ಸಿದ್ಧವಾಗಿ ಸುಮಾರು 80 ಕಿ.ಮೀ. ಸುತ್ತು ತಪ್ಪಿತು. ಆದರೂ ಮಂಗಳೂರಿನ ಹೊಸ್ತಿಲಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನ ಹಳಿ ನೈಋತ್ಯ ರೈಲ್ವೆಯದು, ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದವು, ಉತ್ತರಕ್ಕೆ ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಮೂರು ಆಡಳಿತಗಳು ಒಂದೇ ಊರಿನಲ್ಲಿ ಕೂಡುವುದರಿಂದ ವೇಳಾಪಟ್ಟಿ, ಪ್ಲಾಟ್‌ಫಾರ್ಮ್, ಹೊಸ ರೈಲಿನ ಬೇಡಿಕೆ ಎಲ್ಲವೂ ಒಬ್ಬರಿಂದೊಬ್ಬರಿಗೆ ಅಲೆಯುತ್ತವೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಈ ಎರಡೂ ನಿಲ್ದಾಣಗಳಿಗೆ ಬಾರದೆ ಪಡೀಲಿನಲ್ಲೇ ಬದಿ ಹಾದು ಉಡುಪಿಯ ಕಡೆ ತಿರುಗುತ್ತದೆ. ಕುಂದಾಪುರ, ಕಾರವಾರದವರಿಗೆ ಅದರಿಂದ ಸಮಯ ಉಳಿಯಿತು. ಮಂಗಳೂರಿನವರ ಅಸಮಾಧಾನವೂ ಸಕಾರಣವೇ. 2025ರಲ್ಲಿ ಘಾಟಿಯ ವಿದ್ಯುದೀಕರಣ ಕಾಮಗಾರಿಗಾಗಿ ಹಗಲಿನ ರೈಲುಗಳು ತಿಂಗಳುಗಟ್ಟಲೆ ರದ್ದಾಗಿದ್ದವು.

ವಿಮಾನ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದವರು ಪ್ರಧಾನಿ ಜವಾಹರಲಾಲ್ ನೆಹರು. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ ಇಲ್ಲಿನದು. ಹಾರಾಟ ಒಂದು ಗಂಟೆಯಾದರೂ, 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ಮನೆಯಿಂದ ಮನೆಗೆ ಹಿಡಿಯುವ ಹೊತ್ತು ಬೆಳೆಯಿತು. ನಗರದಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ತಪಾಸಣೆಗೆ ಇನ್ನೊಂದು, ಹಾರಾಟ, ಕೊನೆಗೆ ಬಜ್ಪೆಯಿಂದ ಊರಿಗೆ ಅರ್ಧ ಗಂಟೆ. ಎಲ್ಲ ಸೇರಿ ನಾಲ್ಕರಿಂದ ನಾಲ್ಕೂವರೆ ಗಂಟೆ.

ಮಳೆಗಾಲ

ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಾವಿರ ಮಿ.ಮೀ.ನಷ್ಟು ಮಳೆಯಾದರೆ ಶಿರಾಡಿಯ ಕಾಡಿನಲ್ಲಿ ಅದರ ನಾಲ್ಕೈದು ಪಟ್ಟು ಸುರಿಯುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಶಿಥಿಲಗೊಂಡ ಬಂಡೆಯ ಮೇಲಿನ ದಪ್ಪ ಮಣ್ಣು ನೀರು ಕುಡಿದು ಭಾರವಾಗಿ ಜಾರುತ್ತದೆ. ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿದಲ್ಲೆಲ್ಲ ಈ ಜಾರುವಿಕೆಗೆ ಆಹ್ವಾನ ಕೊಟ್ಟಂತೆಯೇ. ನೀರು ಇಳಿದುಹೋಗಲು ದಾರಿ ಮಾಡದೆ, ಇಳಿಜಾರಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ ಅವಸರ ಮಾಡಿದ್ದಕ್ಕೆ ಬೆಲೆ ತೆತ್ತವರು ಪ್ರಯಾಣಿಕರು.

2018ರ ಜುಲೈ ಮಧ್ಯದಲ್ಲಿ ಕಾಂಕ್ರೀಟ್ ಮುಗಿದು ತೆರೆದ ರಸ್ತೆ ಒಂದು ತಿಂಗಳು ತುಂಬುವ ಹೊತ್ತಿಗೆ ಕುಸಿತದಿಂದ ಮುಚ್ಚಿತು. ಅದೇ ಆಗಸ್ಟಿನ ಮಳೆಗೆ ರೈಲು ಘಾಟಿಯಲ್ಲಿ ಹತ್ತಾರು ಕಡೆ ಮಣ್ಣು ಬಂಡೆಗಳು ಹಳಿಯ ಮೇಲೆ ಬಿದ್ದು ತಿಂಗಳು ದಾಟಿದರೂ ರೈಲು ಓಡಲಿಲ್ಲ. ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿದ ದುರಂತದೊಂದಿಗೆ ಮಡಿಕೇರಿಯಿಂದ ಇಳಿಯುವ ಸಂಪಾಜೆಯ ದಾರಿಯೂ ಹೋಯಿತು. ಕರಾವಳಿಯಿಂದ ಮೇಲೆ ಬರಲು ಚಾರ್ಮಾಡಿ ಮತ್ತು ಉತ್ತರದ ಘಾಟಿಗಳೇ ಗತಿಯಾದವು. ಮರುವರ್ಷ, 2019ರ ಆಗಸ್ಟಿನಲ್ಲಿ, ಚಾರ್ಮಾಡಿಯೇ ಕುಸಿದು ತಿಂಗಳುಗಟ್ಟಲೆ ಮುಚ್ಚಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಮತ್ತೆ ಮತ್ತೆ ಗುಡ್ಡ ಜಾರಿತು. ಅದೇ ತಿಂಗಳು 26ರಂದು ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಯಿತು. ರಸ್ತೆಯಿಲ್ಲದ ಆ ಜಾಗಕ್ಕೆ ಯಂತ್ರ, ಬಂಡೆ, ಮರಳಿನ ಚೀಲಗಳನ್ನೆಲ್ಲ ರೈಲಿನಲ್ಲೇ ಸಾಗಿಸಿ, ಸುರಿಯುವ ಮಳೆಯಲ್ಲಿ ಹಗಲುರಾತ್ರಿ ದುಡಿದ ಕೆಲಸಗಾರರು ಎರಡು ವಾರದೊಳಗೆ ದಾರಿ ಸರಿಪಡಿಸಿದರು. ಅವರಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಘಾಟಿ ಮುಚ್ಚಿದರೆ ತಡೆಯಿಲ್ಲದೆ ಸಾಗುವ ಸರಕು ಒಂದೇ, ಪೆಟ್ರೋಲಿಯಂ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಹೊರವಲಯದ ದೇವನಗುಂದಿಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಉಳಿದ ಸರಕಿಗೆ ಆ ಭಾಗ್ಯವಿಲ್ಲ. ಮಂಗಳೂರಿನ ದಕ್ಕೆಯಿಂದ ಸಂಜೆ ಹೊರಟು ಬೆಳಗಿನ ಮಾರುಕಟ್ಟೆಗೆ ಬೆಂಗಳೂರು ಮುಟ್ಟಬೇಕಾದ ಮೀನಿನ ಲಾರಿ ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಹೋಗಲಾರದು. ಅಲ್ಲಿ ಘನ ವಾಹನಗಳಿಗೆ ನಿಷೇಧವಿದೆ. ಮಂಜುಗಡ್ಡೆ ಕರಗುವ ಮುನ್ನ ಊರು ಸೇರಬೇಕಾದ ಆ ಲಾರಿಗೆ ಶಿರಾಡಿಯ ಒಂದು ದಿನದ ಬಂದ್ ಎಂದರೆ ಒಂದು ದಿನದ ದುಡಿಮೆ ಹೋದಂತೆ.

ಶಿರಾಡಿಗೆ ಬದಲಾಗಿ 23 ಕಿ.ಮೀ.ಗೂ ಮಿಕ್ಕಿದ ಸುರಂಗ ಮತ್ತು ಮೇಲ್ಸೇತುವೆಗಳ ಮಾರ್ಗವೊಂದರ ಪ್ರಸ್ತಾವ ಬಹುಕಾಲದಿಂದ ಇದೆ. ಜಪಾನಿನ ನೆರವು ಸಂಸ್ಥೆ ಜೈಕಾ ಅದರ ಅಧ್ಯಯನದಲ್ಲಿ ಪಾಲ್ಗೊಂಡಿತ್ತು. ಸುರಂಗ ಬಂದರೆ ಗುಡ್ಡ ಜಾರುವ ಮೇಲ್ಮೈಯನ್ನು ತಪ್ಪಿಸಿ ಒಳಗಿನ ಬಂಡೆಯಲ್ಲಿ ಹಾದುಹೋಗಬಹುದು ಎಂಬುದು ಅದರ ಪರವಾದ ವಾದ. ಖರ್ಚು ಮತ್ತು ಕಾಡಿನ ನಾಶ ಅದರ ವಿರುದ್ಧದ ವಾದಗಳು. ಒಣ ದಿನಗಳಲ್ಲಿ ಉಳಿಯುವ ಅರ್ಧ ಗಂಟೆಗಾಗಿ ಅಷ್ಟು ಖರ್ಚು ಸಲ್ಲದು. ವರ್ಷದಲ್ಲಿ ಎಷ್ಟು ದಿನ ದಾರಿ ಮುಚ್ಚುವುದು ತಪ್ಪುತ್ತದೆ ಎಂಬ ಲೆಕ್ಕ ಹಾಕಿಯೇ ಅದನ್ನು ತೂಗಬೇಕು.

ಸದ್ಯಕ್ಕೆ ಮಳೆಗಾಲದಲ್ಲಿ ಹೊರಡುವವರಿಗೆ ಶಿರಾಡಿ ಬಂದ್ ಆದರೆ ಎರಡು ಪರ್ಯಾಯಗಳು ಹತ್ತಿರ. ಲಘು ವಾಹನಗಳು ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ, ಬಂಟ್ವಾಳಕ್ಕೆ ಬರಬಹುದು. ಇದಕ್ಕೆ ಒಂದರಿಂದ ಎರಡು ಗಂಟೆ ಹೆಚ್ಚು ಹಿಡಿಯುತ್ತದೆ. ಬಸ್ಸುಗಳು ಸಾಮಾನ್ಯವಾಗಿ ಮೈಸೂರು, ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಹಿಡಿದು ಮಾಣಿಯಲ್ಲಿ ಮೊದಲಿನ ಹೆದ್ದಾರಿಯನ್ನೇ ಕೂಡುತ್ತವೆ. ಆಗ ಒಟ್ಟು ದೂರ 400 ಕಿ.ಮೀ. ಸಮೀಪಿಸುತ್ತದೆ. ಬೆಂಗಳೂರು–ಮೈಸೂರು ನಡುವೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥದಿಂದ ಆ ಸುತ್ತಿನ ಮೊದಲ ಭಾಗ ಈಗ ಬೇಗ ಕಳೆಯುತ್ತದೆ, ಮಡಿಕೇರಿಯಿಂದ ಕೆಳಗಿನ ದಾರಿಯಲ್ಲಿ ಮಾತ್ರ ಮಂಜು ಮತ್ತು ತಿರುವುಗಳಿಂದಾಗಿ ಒಂಬತ್ತು ಗಂಟೆಗಿಂತ ಮೊದಲು ಮಂಗಳೂರು ಮುಟ್ಟುವುದು ಕಷ್ಟ.